ಹನ್ನೊಂದನೆಯ ನಿಮಿಷದ ಮಿಂಚುಳ್ಳಿ

ಜನವರಿ ೪

ಪ್ರಿಯ ಕಿವಿ,

ಒಂಬತ್ತು ವರ್ಷದ ಮೇಲೆ ನನ್ನ ಅಕ್ಷರ ನೋಡಿ, ಲಕೋಟೆಯನ್ನು ಒಡೆಯದೆಯೇ ಹರಿದು ಬಿಸಾಡುವ ಮನುಷ್ಯ ನೀನಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲವಂತೆ. "ಫೋನಲ್ಲಿ ಎಲ್ಲರೂ ಡಬ್ಬದೊಳಗೆ ಕೂತು ಮಾತಾಡಿದ ಹಾಗಿರತ್ತೆ ಅಂತಾರೆ ಅಪ್ಪ" ಎಂದಳು ನಿನ್ನ ಮಗಳು. ವಿಳಾಸ ಕೊಟ್ಟವಳೂ ಅವಳೇ. ಅವಳ ಮೇಲೆ ರೇಗಬೇಡ.

ಬರುವ ಏಪ್ರಿಲ್ ಹನ್ನೆರಡಕ್ಕೆ ನಮ್ಮ 'ಹೊಳೆಯ ಮನೆ'ಗೆ ಇಪ್ಪತ್ತೈದು ವರ್ಷ. ಒಂದು ಬಾಡಿಗೆ ಕ್ಯಾಮೆರಾ, ನಿನ್ನ ಒಂದು ಮೈಕು, ನನ್ನ ಒಡಕು ಗಂಟಲು. ಇಷ್ಟೇ ಇಟ್ಟುಕೊಂಡು ಶುರು ಮಾಡಿದ್ದು ನೆನಪಿದೆಯಾ? ಮಕ್ಕಳಿಗೆ ನೀರು, ಗಿಡ, ಪ್ರಾಣಿ ಕುರಿತು ಕಾರ್ಯಕ್ರಮ ಮಾಡುತ್ತೇನೆ ಎಂದಾಗ ಚಾನೆಲ್ಲಿನವರು "ಪಾಠ ಯಾರು ನೋಡ್ತಾರಮ್ಮ?" ಎಂದು ನಕ್ಕಿದ್ದರು. ಪಾಠ ಅಲ್ಲ, ಕಥೆ ಎಂದೆ. ಒಂದು ನೀರುನಾಯಿ ಸಂಸಾರ, ಅದರ ಜಗಳ, ಮುನಿಸು, ಪಕ್ಕದ ಮನೆಯ ಸಿಡುಕು ಆಮೆ. ಈಗ ಆ ಕಥೆ ನೋಡಿ ಬೆಳೆದವರು ತಮ್ಮ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಅಂಗಡಿಯಲ್ಲಿ ಸೋಪು ಆರಿಸುತ್ತ ನಿಂತ ನನ್ನನ್ನು ಹಿಡಿದು "ಹೊಳೆಯ ದೊಡ್ಡಮ್ಮ ಅಲ್ವಾ ನೀವು? ಒಂದ್ಸಲ ಆ ದನೀಲಿ ಮಾತಾಡಿ" ಎನ್ನುತ್ತಾರೆ. ನಾನೂ ನಾಚಿಕೆಯಿಲ್ಲದೆ ಮಾತಾಡಿ ತೋರಿಸುತ್ತೇನೆ.

ಇಪ್ಪತ್ತೈದರ ವಿಶೇಷ ಕಂತಿಗೆ ಒಂದು ಗಂಟೆ ಸಿಕ್ಕಿದೆ. ನಾವು ಮೊಟ್ಟಮೊದಲು ಚಿತ್ರ ತೆಗೆದ ಹೊಳೆಯ ತಿರುವಿನಲ್ಲೇ ಅದು ಶುರುವಾಗಬೇಕು. ಕ್ಯಾಮೆರಾದವರು ಹೋಗಿ ಬಂದಾಯಿತು. ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲು ಎಣಿಸಬಹುದು. ನಮ್ಮ ಕಾಲದಲ್ಲಿ ಇಂಥ ನೀರು ನಮಗೆ ಸಿಕ್ಕಿರಲಿಲ್ಲ. ಸದ್ದೊಂದು ಬಾಕಿ. ಈಗಿನ ಧ್ವನಿಯವರು ಕಂಪ್ಯೂಟರಿನಿಂದ ಹಕ್ಕಿ ಹೆಕ್ಕಿ ಅಂಟಿಸುತ್ತಾರೆ. ನನಗೆ ಆ ಹೊಳೆಯ ನಸುಕೇ ಬೇಕು, ನಿನ್ನ ಕಿವಿಯಲ್ಲಿ ಹಾದು ಬಂದದ್ದು. ನೀನೋ ಹೊಳೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಕೂತಿದ್ದೀಯ.

ಆ ಮರಿಯ ವಿಷಯ ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ನಿನ್ನ ಹಳೆಯ ತಲೆನೋವು,
ದೊಡ್ಡಮ್ಮ


ಜನವರಿ ೧೩

ದೊಡ್ಡಮ್ಮಾ,

ಎತ್ತುತ್ತೇನೆ. ಒಂದೇ ಸಲ ಎತ್ತಿ ಕೆಳಗಿಡುತ್ತೇನೆ. ಒಂಬತ್ತು ವರ್ಷದ ಹಿಂದಿನ ಚಿತ್ರೀಕರಣದ ನಾಲ್ಕನೆಯ ದಿನ ಆ ನೀರುನಾಯಿ ಮರಿ ಸತ್ತಿತು. ನೀನು ಮೃಗಾಲಯದಿಂದ ಇನ್ನೊಂದು ಮರಿ ತರಿಸಿ ಇದೇ ಅದು ಎಂದು ತೋರಿಸಿದೆ. "ಮಕ್ಕಳು ಅಳಬಾರದು ಕಣೋ. ಹೆದರಿಸಿದ್ರೆ ಯಾರೂ ಯಾವುದನ್ನೂ ಪ್ರೀತಿಸಲ್ಲ" ಎಂದೆ. ಮರಿಗಾಗಿ ತಾಯಿ ಕೂಗಿದ್ದನ್ನು ನಾನು ಮೂರು ಗಂಟೆ ಹಿಡಿದಿದ್ದೆ. ಆ ಕೂಗನ್ನು ನೀನು, ತಾಯಿ ಮರಿಯನ್ನು ಆಟಕ್ಕೆ ಕರೆಯುವ ದೃಶ್ಯಕ್ಕೆ ಹಾಕಿದೆ. ಅಷ್ಟೇ. ಕೆಳಗಿಟ್ಟೆ.

ನಾನಿರುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಮಗಳು ಶಾಲೆಯಲ್ಲಿ ಟೀಚರು. ಅಳಿಯ ಹಡಗಿನವನು, ವರ್ಷಕ್ಕೊಮ್ಮೆ ಬಂದು ತನ್ನ ಮಗಳಿಗೆ ಮುಖ ಪರಿಚಯ ಮಾಡಿಕೊಂಡು ಹೋಗುತ್ತಾನೆ. ಮೊಮ್ಮಗಳು ಚುಕ್ಕಿಗೆ ಏಳು ವರ್ಷ. ನಿನ್ನ ಕಾರ್ಯಕ್ರಮ ಬರುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಅವಳ ನೋಟ್‌ಬುಕ್ಕಿನ ಮೇಲೂ ನಿನ್ನ ನೀರುನಾಯಿಯೇ. ಆ ನೋಟ್‌ಬುಕ್ ಮಾಡುವ ಕಾಗದದ ಕಾರ್ಖಾನೆ ನಮ್ಮೂರಿನ ಮೇಲ್ಗಡೆ, ಹೊಳೆಯ ದಡದಲ್ಲೇ ಇದೆ. ನಿನ್ನ ಕಾರ್ಯಕ್ರಮದ ಕೊನೆಗೆ ಪ್ರಾಯೋಜಕರೆಂದು ಬರುವ ಹೆಸರೂ ಅವರದೇ ಎಂದು ಮಗಳು ಹೇಳಿದಳು. ನಿನಗೆ ಗೊತ್ತೇ ಇರುತ್ತದೆ.

ನೀರು ತಿಳಿ ಎಂದೆಯಲ್ಲ, ನಿಜ. ಪಾಚಿ ಕೂಡ ಇಲ್ಲ. ಬೆಳಗ್ಗೆ ದಡದಲ್ಲಿ ನಿಂತರೆ ಆಗ ತಾನೇ ಒರೆಸಿದ ಆಸ್ಪತ್ರೆ ನೆಲದ ವಾಸನೆ ಬರುತ್ತದೆ.

ಮಾಡಿಕೊಡುತ್ತೇನೆ. ಹೊಳೆಯ ಮೇಲೆ ನನಗೆ ಮುನಿಸಿಲ್ಲ.

ಕಿವಿ


ಫೆಬ್ರುವರಿ ೬

ದೊಡ್ಡಮ್ಮಾ,

ಇದರ ಜೊತೆ ನಾಲ್ಕು ಟೇಪುಗಳಿವೆ. ನಾಲ್ಕು ನಸುಕು, ಒಂದೊಂದು ನಲವತ್ತು ನಿಮಿಷ. ಕಳಿಸುವ ಮುಂಚೆ ನಿನಗೆ ಒಂದು ಮಾತು ಹೇಳಬೇಕು, ಹೇಗೆ ಹೇಳುವುದೋ ತಿಳಿಯುತ್ತಿಲ್ಲ.

ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡು ಕೂತೆ. ನೀರಿನ ಸದ್ದು ಬಂತು. ಹಕ್ಕಿ ಎದ್ದೇಳಲಿ ಎಂದು ಕಾದೆ. ಬೆಳಕಾಯಿತು, ಬಿಸಿಲು ಬಂತು, ನೀರಿನ ಸದ್ದೇ. ಮೈಕು ಕೆಟ್ಟಿದೆ ಅಂದುಕೊಂಡೆ. ಎರಡನೆಯ ದಿನ ಮೈಕು ಬದಲಾಯಿಸಿದೆ. ಮೂರನೆಯ ದಿನ ವೈರು. ನಾಲ್ಕನೆಯ ದಿನ ಬದಲಾಯಿಸಲು ಉಳಿದದ್ದು ನಾನೊಬ್ಬನೇ.

ಕಿವಿ ಡಾಕ್ಟರ ಹತ್ತಿರ ಹೋದೆ. ಸಣ್ಣ ಗಾಜಿನ ಕೋಣೆಯಲ್ಲಿ ಕೂರಿಸಿ ಏನೇನೋ ಸದ್ದು ಮಾಡಿಸಿದರು. ಆಮೇಲೆ ಒಂದು ಗೆರೆ ತೋರಿಸಿದರು. ಬಲಗಡೆ, ಏರುದನಿಗಳಿರುವ ಕಡೆ, ಅದು ಬಾವಿಗೆ ಬಿದ್ದ ಹಾಗೆ ಇಳಿದಿತ್ತು. "ಶಿಳ್ಳೆ ಹಾಕಿದ್ರೆ ನಿಮಗೆ ಕೇಳ್ಸಲ್ಲ, ಗುಡುಗಿದ್ರೆ ಕೇಳ್ಸತ್ತೆ. ಅಷ್ಟು ತಿಳ್ಕೊಳ್ಳಿ" ಎಂದರು. ಮನೆಗೆ ಬಂದು ಮಗಳಿಗೂ ಹೇಳಲಿಲ್ಲ. ನಲವತ್ತು ವರ್ಷ ಜನ ನನ್ನನ್ನು ಕರೆದದ್ದು ಒಂದೇ ಹೆಸರಿನಿಂದ. ಆ ಹೆಸರಿನವನು ಇಲ್ಲ ಎಂದು ಹೇಗೆ ಹೇಳಲಿ?

ಈಗ ನನಗೆ ಗೊತ್ತಿಲ್ಲ. ಹೊಳೆ ಸತ್ತಿದೆಯೋ, ನಾನು ಕಿವುಡನಾಗಿದ್ದೇನೋ. ನಿನ್ನ ಸ್ಟುಡಿಯೋದಲ್ಲಿ ಒಳ್ಳೆಯ ಯಂತ್ರಗಳಿವೆ. ಕೇಳಿ ಹೇಳು. ನೀನು ಹೇಳಿದ್ದನ್ನು ನಂಬುತ್ತೇನೆ.

ಇನ್ನೊಂದು. ಇಲ್ಲಿಯ ಮೀನುಗಾರರು ನೀರಿನ ಮಂಡಳಿಗೆ ದೂರು ಕೊಟ್ಟಿದ್ದಾರೆ. ಕಾರ್ಖಾನೆ ಹೊಳೆಗೆ ಏನೋ ಬಿಡುತ್ತಿದೆ, ಎರಡು ವರ್ಷದಿಂದ ಮೀನಿಲ್ಲ ಎನ್ನುತ್ತಾರೆ. ಮಾರ್ಚ್ ಇಪ್ಪತ್ತಕ್ಕೆ ವಿಚಾರಣೆ. ಅವರ ಮುಖಂಡನನ್ನು ಎಲ್ಲರೂ ಬಲೆಯಣ್ಣ ಅನ್ನುತ್ತೇವೆ. ಮೊನ್ನೆ ಮೆಟ್ಟಿಲು ಹತ್ತಿ ಬಂದು "ಹೊಳೆ ಸದ್ದು ಹಿಡಿದೋರು ನೀವು. ಮೊದಲು ಹೇಗಿತ್ತು, ಈಗ ಹೇಗಿದೆ, ಅಷ್ಟು ಹೇಳಿ ಸಾಕು" ಎಂದ. ನಿನ್ನ ಉತ್ತರ ಬರುವವರೆಗೂ ಸಹಿ ಹಾಕುವುದಿಲ್ಲ ಎಂದಿದ್ದೇನೆ.

ಕಿವಿ


ಫೆಬ್ರುವರಿ ೧೯

ನನ್ನ ಪ್ರಿಯ ಕಿವಿ,

ಮೊದಲು ಸಮಾಧಾನವಾಗಿ ಕೂತುಕೋ. ನೀರು ಕುಡಿ. ನಿನ್ನ ಟೇಪುಗಳಲ್ಲಿ ಎಲ್ಲ ಇದೆ.

ಎಲ್ಲ ಅಂದರೆ ಎಲ್ಲ. ಮೊದಲ ಟೇಪಿನಲ್ಲಿ ಜೊಂಡಿನ ಜೀರುಂಡೆಗಳು ಎಳೆ ಬಿಡದೆ ಹಾಡುತ್ತಿವೆ. ಮೂರನೆಯದರಲ್ಲಿ ಬಾಲ ಕುಣಿಸುವ ಸಿಪಿಲೆ ಹಕ್ಕಿ, ನೀನು ಕೂತಲ್ಲಿಂದ ಹತ್ತು ಹೆಜ್ಜೆಯೂ ಇಲ್ಲ, ಅಷ್ಟು ಹತ್ತಿರ. ಎರಡನೆಯ ಟೇಪಿನ ಹನ್ನೊಂದನೆಯ ನಿಮಿಷ ಕೇಳಿ ನಾನು ಕುರ್ಚಿಯಿಂದ ಎದ್ದೆ. ಮಿಂಚುಳ್ಳಿ! ಒಂದಲ್ಲ, ಎರಡು. ಒಂದು ಎಡದಿಂದ ಶಿಳ್ಳೆ ಹಾಕಿ ಹೋಗುತ್ತದೆ, ಇನ್ನೊಂದು ಬಲದಿಂದ ಉತ್ತರ ಕೊಡುತ್ತದೆ. ಕಪ್ಪೆಗಳಿಗೆ ಇದು ಕಾಲವಲ್ಲ, ಅದನ್ನು ನಿನಗೆ ಹೇಳಬೇಕಿಲ್ಲ.

ಅಂದರೆ ನಿನ್ನ ಕಿವಿಗೆ ವಯಸ್ಸಾಗಿದೆ. ನನ್ನ ಮಂಡಿಗೆ ಆಗಿಲ್ಲವೇ? ಇಬ್ಬರಿಗೂ ಅರವತ್ತರ ಹತ್ತಿರ ಬಂತು. ಇದರಲ್ಲಿ ನಾಚಿಕೆ ಏನಿದೆ? ಕೇಳಿಸದೆಯೇ ಇಷ್ಟು ಚೆನ್ನಾಗಿ ಹಿಡಿದಿದ್ದೀಯಲ್ಲ, ಕೈಗೆ ಅಭ್ಯಾಸವಾದದ್ದು ಸುಮ್ಮನೆ ಹೋಗುವುದಿಲ್ಲ.

ವಿಚಾರಣೆಯ ವಿಷಯ ನಿನಗೆ ಬಿಟ್ಟದ್ದು. ಆದರೆ ನಿನಗೇ ಖಾತ್ರಿಯಿಲ್ಲದ ಮಾತಿಗೆ ಹೇಗೆ ಸಾಕ್ಷಿ ನಿಲ್ಲುತ್ತೀ?

ಒಂದು ಸಂತೋಷದ ಸುದ್ದಿ. ಏಪ್ರಿಲ್ ಹನ್ನೆರಡರ ಬೆಳಗ್ಗೆ ವಿಶೇಷ ಕಂತಿನ ಎರಡನೆಯ ಭಾಗ ನಿಮ್ಮ ದಡದಿಂದಲೇ ನೇರ ಪ್ರಸಾರ. ಐವತ್ತು ಮಕ್ಕಳು ಕೈ ಹಿಡಿದುಕೊಂಡು ಹೊಳೆಗೆ ಇಳಿಯುತ್ತಾರೆ. ಮೊದಲು ಇಳಿಯುವ ಮಗು ಚುಕ್ಕಿ ಆಗಬಹುದಲ್ಲವೇ? ನಾನೇ ಅವಳ ಹೆಸರು ಕರೆಯುತ್ತೇನೆ, ದೊಡ್ಡಮ್ಮನ ದನಿಯಲ್ಲಿ.

ನಿನ್ನ,
ದೊಡ್ಡಮ್ಮ


ಮಾರ್ಚ್ ೧

ದೊಡ್ಡಮ್ಮಾ,

ನಿನ್ನ ಪತ್ರ ಓದಿ ಅತ್ತೆ. ದುಃಖಕ್ಕೋ ಸಂತೋಷಕ್ಕೋ ಗೊತ್ತಾಗಲಿಲ್ಲ. ಹೊಳೆ ಬದುಕಿದೆಯಲ್ಲ, ನನ್ನದು ಹೋದರೆ ಹೋಗಲಿ.

ಬಲೆಯಣ್ಣನ ಮನೆಗೆ ಹೋಗಿ ಹೇಳಿಬಂದೆ. "ನನ್ನ ಕಿವಿ ಕೆಟ್ಟಿದೆ ಕಣಣ್ಣ. ಹಕ್ಕಿ ಪಕ್ಕಿ ಎಲ್ಲ ಇದ್ಯಂತೆ, ನನಗೇ ಕೇಳ್ತಿಲ್ಲ. ನಾನು ಸಾಕ್ಷಿ ಹೇಳಿದ್ರೆ ಸುಳ್ಳಾಗತ್ತೆ." ಅವನು ಬಲೆ ಮಡಚಿ ಪಕ್ಕಕ್ಕಿಟ್ಟ. ಆಮೇಲೆ "ಯಾರು ಹೇಳಿದ್ದು ಇದೆ ಅಂತ?" ಎಂದ. ನಿನ್ನ ಹೆಸರು ಹೇಳಿದೆ. ಅವನ ಒಂಬತ್ತು ವರ್ಷದ ಮಗಳು ಬಾಗಿಲ ಹಿಂದಿನಿಂದ ಓಡಿಬಂದಳು. "ಹೊಳೆಯ ದೊಡ್ಡಮ್ಮ ನಿಮಗೆ ಗೊತ್ತಾ?" ಎಂದು ಕಣ್ಣರಳಿಸಿದಳು. ಅವನು ಇನ್ನೇನೂ ಕೇಳಲಿಲ್ಲ. ಮಗಳೆದುರು ನಿನ್ನ ಮಾತಿಗೆ ಎದುರು ಆಡುವುದು ಈ ಊರಿನಲ್ಲಿ ಯಾವ ಅಪ್ಪನಿಗೂ ಸುಲಭವಲ್ಲ.

ನಿನ್ನ ಮಿಂಚುಳ್ಳಿ ಜೋಡಿಯನ್ನು ಕಣ್ಣಾರೆ ನೋಡೋಣವೆಂದು ಎರಡು ಬೆಳಗ್ಗೆ ಹೋಗಿ ಕೂತೆ. ಕಾಣಲಿಲ್ಲ. ಕಣ್ಣಿಗೂ ವಯಸ್ಸಾಗಿರಬೇಕು.

ಮೈಕುಗಳನ್ನು ಮಗಳ ಶಾಲೆಗೆ ಕೊಟ್ಟುಬಿಟ್ಟೆ. ಚುಕ್ಕಿ ಊರೆಲ್ಲ ಡಂಗುರ ಹೊಡೆದಿದ್ದಾಳೆ, ತಾನೇ ಮೊದಲು ಇಳಿಯುವವಳೆಂದು. ಬಕೆಟ್ಟಿನಲ್ಲಿ ಕಾಲಿಟ್ಟು ಅಭ್ಯಾಸ ನಡೆದಿದೆ.

ಕಿವಿ (ಹೆಸರು ಇನ್ನು ಬದಲಾಯಿಸಬೇಕೇನೋ)


ಮಾರ್ಚ್ ೧೦

ಕಿವಿ,

ಕೆಲಸದ ಒತ್ತಡ, ಎರಡೇ ಸಾಲು. ವಿಶೇಷ ಕಂತಿನ ಜಾಹೀರಾತು ನಾಳೆಯಿಂದ ಬರುತ್ತದೆ.

ಚುಕ್ಕಿಯನ್ನು ಹನ್ನೆರಡರ ತನಕ ಹೊಳೆಗೆ ಇಳಿಸಬೇಡ. ನೆಗಡಿ ಆದೀತು, ದನಿ ಕಟ್ಟೀತು. ಆ ದಿನವೂ ಪಾದ ಮುಳುಗುವಷ್ಟಾದರೆ ಸಾಕು. ನಾನು ಹೇಳಿದೆ ಎಂದು ಹೇಳು, ಕೇಳುತ್ತಾಳೆ.

ದೊಡ್ಡಮ್ಮ


ಮಾರ್ಚ್ ೨೪

ದೊಡ್ಡಮ್ಮಾ,

ಶುಕ್ರವಾರ ವಿಚಾರಣೆ ನಡೆಯಿತು. ನಾನು ಸಾಕ್ಷಿಯಲ್ಲದಿದ್ದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬಲೆಯಣ್ಣ ತನ್ನ ಖಾಲಿ ಬಲೆಯ ಕಥೆ ಹೇಳಿದ. ಮಂಡಳಿಯ ಅಧಿಕಾರಿ ಎಲ್ಲ ಕೇಳಿ, ಗೋಡೆಯ ಟೀವಿಯಲ್ಲಿ ನಿನ್ನ ಜಾಹೀರಾತು ಹಾಕಿಸಿದರು. ತಿಳಿ ನೀರು, ಎಳೆ ಬಿಸಿಲು. "ನೋಡ್ರಪ್ಪ, ಇದು ನಿಮ್ಮ ಹೊಳೆನೇ. ಸದ್ದು ಕೇಳಿ. ಹೋದ ತಿಂಗಳು ನಿಮ್ಮೂರಿನೋರೇ ಹಿಡಿದಿದ್ದು. ಸತ್ತ ಹೊಳೆ ಹೀಗೆ ಹಾಡುತ್ತಾ?" ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ದೂರು ವಜಾ ಆಯಿತು.

ಈಗ ನಾನು ಕೇಳುವುದನ್ನು ಸರಿಯಾಗಿ ಓದು.

ಹಕ್ಕಿಗಳು ನನಗೆ ಕೇಳಿಸಲಿಲ್ಲ. ಆದರೆ ಡಾಕ್ಟರು ಹೇಳಿದ್ದು ನಿಜ, ಗುಡುಗು ಕೇಳಿಸುತ್ತದೆ. ನಿನ್ನ ಜಾಹೀರಾತಿನಲ್ಲಿ ಹಕ್ಕಿಗಳ ತಳದಲ್ಲಿ ಒಂದು ಡುಗುಡುಗು ಇದೆ. ದೂರದಲ್ಲಿ, ನಿಧಾನವಾಗಿ. ಅದು ಜನ ದಾಟಿಸುತ್ತಿದ್ದ ಡೀಸೆಲ್ ದೋಣಿ. ನಾನು ದಡದಿಂದ "ಐದು ನಿಮಿಷ ಇಂಜಿನ್ ಆಫ್ ಮಾಡಪ್ಪ" ಎಂದು ಕೂಗಿದ್ದೆ, ದೋಣಿಯವನು "ನಿಮ್ಮ ಹಕ್ಕಿಗೆ ಕಾಯಕ್ಕೆ ಹೇಳಿ" ಎಂದು ನಕ್ಕು ಹೋಗಿದ್ದ. ಸೇತುವೆ ಬಂದಮೇಲೆ ಆ ದೋಣಿ ನಿಂತಿತು. ನಿಂತು ಹನ್ನೆರಡು ವರ್ಷ ಆಯಿತು, ದೊಡ್ಡಮ್ಮಾ.

ಹೋದ ತಿಂಗಳ ಹೊಳೆಯಲ್ಲಿ ಅದು ಎಲ್ಲಿಂದ ಬಂತು?

ಇನ್ನೂ ಒಂದಿದೆ. ವಿಚಾರಣೆಯ ಮರುದಿನ ಕಾರ್ಖಾನೆಯವರು ಅಭ್ಯಾಸಕ್ಕೆಂದು ಹನ್ನೆರಡು ಮಕ್ಕಳನ್ನು ಸೊಂಟದ ತನಕ ನೀರಿಗಿಳಿಸಿದರು. ಚುಕ್ಕಿ ಮುಂದೆ. ಆ ಹನ್ನೆರಡರಲ್ಲಿ ಬಲೆಯಣ್ಣನ ಮಗಳೂ ಒಬ್ಬಳು, ಅಪ್ಪನಿಗೆ ಹೇಳದೆ ಹೋಗಿ ಈಜಾಡಿದಳಂತೆ. ನೆಗಡಿ ಎಂದು ನೀನು ಬರೆದದ್ದು ನನಗೆ ನೆನಪಿತ್ತು. ಬಿಸಿಲಿದೆಯಲ್ಲ, ಏನೂ ಆಗದು ಎಂದು ಬಿಟ್ಟೆ. ಹೊಳೆ ಚೆನ್ನಾಗಿದೆ ಎಂದು ನೀನೇ ಹೇಳಿದ್ದೆ. ಚುಕ್ಕಿ ನಗುತ್ತ ಮನೆಗೆ ಬಂದಳು. ಅಂದಿನಿಂದ ಅವಳ ಕಣ್ಣು ಕೆಂಪಗಿವೆ.

ಮೊನ್ನೆ ಅವಳನ್ನು ದಡದಿಂದ ದೂರ ನಿಲ್ಲಿಸಿ ಕೇಳಿದೆ. "ಪುಟ್ಟಿ, ಏನು ಕೇಳ್ತಿದೆ ಹೇಳು." ಕಣ್ಣು ಮುಚ್ಚಿ ನಿಂತಳು. "ನೀರು" ಎಂದಳು. ಆಮೇಲೆ? "ಆಮೇಲೆನೂ ನೀರೇ, ತಾತ. ಟೀವಿ ಹೊಳೆ ಕೂಗುತ್ತಲ್ಲ, ನಮ್ಮ ಹೊಳೆ ಯಾಕೆ ಕೂಗಲ್ಲ?"

ನನ್ನ ಟೇಪುಗಳಲ್ಲಿ ಏನಿತ್ತು?

ಕಿವಿ


ಏಪ್ರಿಲ್ ೨

ಕಿವಿ,

ಈ ಪತ್ರ ಓದಿದ ತಕ್ಷಣ ಚುಕ್ಕಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಉಳಿದದ್ದನ್ನು ಆಮೇಲೆ ಓದು.

ನಿನ್ನ ಟೇಪುಗಳಲ್ಲಿ ಏನೂ ಇರಲಿಲ್ಲ. ನಾಲ್ಕನ್ನೂ ಕೇಳಿದೆ, ಮೂರು ಮೂರು ಸಲ. ಪಕ್ಕದಲ್ಲಿ ಸಂಕಲನದ ಹುಡುಗಿ ಕೂತಿದ್ದಳು. ನೀರಿನ ಸದ್ದನ್ನು ಸೋಸಿ ತೆಗೆದೆವು. ಪರದೆಯ ಮೇಲೆ ಉಳಿದದ್ದು ಒಂದು ನೇರ ಗೆರೆ. "ಮೇಡಂ, ಟೇಪ್ ಖಾಲಿ ಕಳ್ಸಿದಾರಾ?" ಎಂದಳು. ಟೇಪು ಖಾಲಿಯಲ್ಲ, ಹೊಳೆ ಖಾಲಿ ಎಂದು ಬಾಯಿಯವರೆಗೂ ಬಂತು. "ಹೂಂ, ಖಾಲಿ" ಎಂದೆ. ಕಪಾಟಿನಿಂದ ನಿನ್ನ ಹಳೆಯ ಟೇಪು ತೆಗೆಸಿ ಅದನ್ನೇ ಹಾಕಿಸಿದೆ.

ನಿನಗೆ ಪತ್ರ ಬರೆಯಲು ಕೂತಾಗ ಡಾಕ್ಟರು ನಿನಗೆ ಹೇಳಿದ್ದು ನೆನಪಿತ್ತು. ಶಿಳ್ಳೆ ಕೇಳಿಸುವುದಿಲ್ಲ, ಗುಡುಗು ಕೇಳಿಸುತ್ತದೆ. ಅದಕ್ಕೇ ದಪ್ಪ ದನಿಯ ಕಪ್ಪೆಯನ್ನು ಕೈಬಿಟ್ಟೆ. ನಿನ್ನಿಂದ ಕಳೆದುಹೋದ ಸದ್ದುಗಳನ್ನೇ ಒಂದೊಂದಾಗಿ ಆರಿಸಿ ಬರೆದೆ. ಮಿಂಚುಳ್ಳಿಗೆ ಹನ್ನೊಂದನೆಯ ನಿಮಿಷ ಎಂದು ಹಾಕಿದರೆ ನಂಬುತ್ತೀಯ ಎಂದೂ ಗೊತ್ತಿತ್ತು. ಇಪ್ಪತ್ತೈದು ವರ್ಷ ಮಾಡಿದ ಕೆಲಸವೇ ಅದು, ನಂಬಿಸುವುದು.

ಯಾಕೆ ಎಂದು ಕೇಳುತ್ತೀ. ಆ ಕಾರ್ಖಾನೆಯವರು ಕೈ ಬಿಟ್ಟರೆ ಕಾರ್ಯಕ್ರಮ ನಿಲ್ಲುತ್ತದೆ, ಹದಿನೆಂಟು ಜನರ ಕೆಲಸ ಹೋಗುತ್ತದೆ. ಇದು ನಿಜ, ಆದರೆ ಇದು ಕಾರಣವಲ್ಲ. ನನ್ನ ಕಾರ್ಯಕ್ರಮ ನೋಡಿದ ಮಕ್ಕಳು ಊರೂರಲ್ಲಿ ಗಿಡ ನೆಟ್ಟಿದ್ದಾರೆ, ಕೆರೆ ಗುಡಿಸಿದ್ದಾರೆ, ಆ ಚಿತ್ರಗಳನ್ನು ಬಿಡಿಸಿ ಕಳಿಸಿದ್ದಾರೆ. ನನ್ನ ಕೋಣೆಯ ಗೋಡೆ ತುಂಬ ಅವೇ. ಅಷ್ಟೂ ವರ್ಷ ನಾನು ಹಾಡಿ ಹೊಗಳಿದ ಹೊಳೆಯೇ ನನ್ನ ಬೆನ್ನ ಹಿಂದೆ ಸತ್ತಿತು ಎಂದರೆ, ನಾನು ಮಾಡಿದ್ದಾದರೂ ಏನು? ಆ ಪ್ರಶ್ನೆಯ ಮುಂದೆ ಕೂರುವ ಬದಲು ನಿನ್ನನ್ನು ಕಿವುಡನನ್ನಾಗಿ ಮಾಡಿದೆ.

ಆದರೂ ಮಾರ್ಚ್ ಹತ್ತರ ಪತ್ರದಲ್ಲಿ ಚುಕ್ಕಿಯನ್ನು ಇಳಿಸಬೇಡ ಎಂದು ಬರೆದೆ. ಅಷ್ಟು ಗೊತ್ತಿದ್ದವಳು ಇನ್ನೊಂದು ಸಾಲು ಬರೆಯಲಿಲ್ಲ. ಉಳಿದ ಮಕ್ಕಳ ನೆನಪೂ ಬರಲಿಲ್ಲ.

ನಾಳೆ ಚಾನೆಲ್ಲಿನ ಮುಖ್ಯಸ್ಥರ ಹತ್ತಿರ ಹೋಗುತ್ತಿದ್ದೇನೆ. ಮಕ್ಕಳನ್ನು ನೀರಿಗಿಳಿಸಲು ಬಿಡುವುದಿಲ್ಲ. ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸು.

ದೊಡ್ಡಮ್ಮ


ಏಪ್ರಿಲ್ ೬

ತೋರಿಸಿದ್ದೇನೆ. ನಿನ್ನ ಅಪ್ಪಣೆ ಓದುವ ಮುಂಚೆಯೇ ತೋರಿಸಬೇಕೆಂದುಕೊಂಡಿದ್ದೆ.

ನಿನ್ನ ಪತ್ರ ಬರುವಷ್ಟರಲ್ಲಿ ನಾವು ಆಸ್ಪತ್ರೆಯಲ್ಲಿದ್ದೆವು. ಹನ್ನೆರಡರಲ್ಲಿ ಏಳು ಮಕ್ಕಳು ಒಂದೇ ವಾರ್ಡಿನಲ್ಲಿ. ಕಾಲಿನ ಚರ್ಮ ಬೆಂದ ಹಾಗೆ ಸುಲಿಯುತ್ತಿದೆ. ಚುಕ್ಕಿಯ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಬಲೆಯಣ್ಣನ ಮಗಳು ಈಜುವಾಗ ನೀರು ಕುಡಿದಿದ್ದಾಳೆ. ಅವಳ ಮೂತ್ರಪಿಂಡ ಕೆಲಸ ನಿಲ್ಲಿಸಿದೆಯಂತೆ, ಯಂತ್ರಕ್ಕೆ ಹಾಕಿದ್ದಾರೆ. ಕಾರ್ಖಾನೆಯವನೊಬ್ಬ ಹಣ್ಣಿನ ಬುಟ್ಟಿ ಹಿಡಿದು ಬಂದು "ಹೊಳೆ ನೀರಿಂದ ಅಂತ ಹೇಗೆ ಹೇಳ್ತೀರಿ ಡಾಕ್ಟ್ರೇ? ಟೀವಿಲೇ ಬರ್ತಿದ್ಯಲ್ಲ, ಎಷ್ಟು ಸ್ವಚ್ಛವಾಗಿದೆ" ಎಂದ. ಡಾಕ್ಟರಮ್ಮ ನನ್ನತ್ತ ನೋಡಿದರು. ನಾನು ನಿನ್ನ ಪತ್ರವನ್ನು ಅವರ ಕೈಗಿಟ್ಟೆ. ಅವರು ಓದಿ ಬಲೆಯಣ್ಣನಿಗೆ ಕೊಟ್ಟರು.

ಅವನು ಎರಡು ಸಲ ಓದಿದ. ಬೈಯಲಿಲ್ಲ. "ನಮ್ಮ ಹುಡುಗಿ ನಿಮ್ಮ ಗೆಳತಿ ದನಿ ಅನುಕರಣೆ ಮಾಡ್ತಿತ್ತು ಗೊತ್ತಾ" ಎಂದ, ಅಷ್ಟೇ.

ನಾನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ.

ಕಿವಿ


ಏಪ್ರಿಲ್ ೯

ಕಿವಿ,

ನಿನ್ನ ಪತ್ರ ಮೇಜಿನ ಮೇಲಿದೆ. ಅದನ್ನು ನೋಡದೆ ಬರೆಯಲು ಪ್ರಯತ್ನಿಸುತ್ತಿದ್ದೇನೆ.

ಮುಖ್ಯಸ್ಥರು ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಬಹಳ ಮರ್ಯಾದೆಯಿಂದ ಮಾತಾಡಿದರು. "ಮಕ್ಕಳ ವಿಷಯ ನಮಗೂ ಬೇಜಾರೇ. ಆದ್ರೆ ಇನ್ನೂ ಏನೂ ಸಾಬೀತಾಗಿಲ್ವಲ್ಲ." ನೇರ ಪ್ರಸಾರವನ್ನು ಹೊಳೆಯಿಂದ ಇಲ್ಲಿಯ ಈಜುಕೊಳಕ್ಕೆ ಸಾಗಿಸಿದ್ದಾರೆ. ಸುತ್ತ ಪ್ಲಾಸ್ಟಿಕ್ ಜೊಂಡು ನೆಡುತ್ತಾರಂತೆ. ಮೊದಲ ಅರ್ಧ ಗಂಟೆ ನಿಮ್ಮ ಹೊಳೆಯ ಚಿತ್ರ, ನಾವು ಮಾಡಿಟ್ಟದ್ದೇ, ಬದಲಾವಣೆಯಿಲ್ಲ. ಸೋಮವಾರದಿಂದ ನಾನು ರಜೆಯ ಮೇಲೆ. ಭಾನುವಾರದವರೆಗೆ ಮಾತ್ರ ನಾನು ಬೇಕು, ಮಕ್ಕಳಿಗೆ ದನಿ ಗೊತ್ತಲ್ಲ.

ನಾನು ವಾದ ಮಾಡಲಿಲ್ಲ. ಆಗಲಿ ಎಂದು ಎದ್ದು ಬಂದೆ. ಅಂತಿಮ ಪ್ರತಿ ಇವತ್ತು ಮಧ್ಯಾಹ್ನ ನನ್ನ ಸಹಿಯೊಂದಿಗೆ ಪ್ರಸಾರ ವಿಭಾಗಕ್ಕೆ ಹೋಯಿತು. ಅಲ್ಲಿ ಇಬ್ಬರು ಕೂತು ಪರೀಕ್ಷಿಸುತ್ತಾರೆ. ಇಷ್ಟು ವರ್ಷದಿಂದ ನೋಡಿದ್ದೇನೆ, ಅವರು ಸದ್ದು ಸಣ್ಣ ಮಾಡಿಕೊಂಡು ಚಿತ್ರ ಮಾತ್ರ ನೋಡುತ್ತಾರೆ.

ಸಂಕಲನದ ಹುಡುಗಿಯನ್ನು ಬೆಳಗ್ಗೆಯೇ ಮನೆಗೆ ಕಳಿಸಿದ್ದೆ. ನಾಳೆ ಯಾರಾದರೂ ಕೇಳಿದರೆ ಅವಳಿಗೆ ಏನೂ ಗೊತ್ತಿರಬಾರದು.

ಭಾನುವಾರ ಒಂಬತ್ತು ಗಂಟೆಗೆ ವಾರ್ಡಿನ ಟೀವಿ ಹಾಕಿಸು.

ದೊಡ್ಡಮ್ಮ


ಏಪ್ರಿಲ್ ೧೪

ದೊಡ್ಡಮ್ಮಾ,

ಹಾಕಿಸಿದೆ. ಏಳು ಮಂಚ, ಮೂಲೆಯಲ್ಲಿ ಒಂದು ಹಳೆಯ ಟೀವಿ. ಬಲೆಯಣ್ಣ ಮಗಳ ಯಂತ್ರದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಚುಕ್ಕಿಯ ಒಂದು ಕಣ್ಣಿನ ಪಟ್ಟಿ ಬಿಚ್ಚಿದ್ದರು.

ಚಿತ್ರ ಬಂತು. ತಿಳಿ ನೀರು, ಬಿಸಿಲು. ಹಳೆಯ ಕಂತುಗಳ ಹಕ್ಕಿಗಳು ಒಂದೊಂದಾಗಿ ಬಂದವು. ಮಿಂಚುಳ್ಳಿ ಕೊಂಬೆಯ ಮೇಲೆ ಕೂತು ಕೊಕ್ಕು ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ನೀರುನಾಯಿ ತಲೆ ಎತ್ತಿ ಬಾಯಿ ಬಿಟ್ಟಿತು. ನನಗೆ ಕೇಳಿಸದಿರುವುದು ಹೊಸತೇನಲ್ಲ, ಆದ್ದರಿಂದ ನಾನು ಪರದೆ ಬಿಟ್ಟು ಮಕ್ಕಳ ಮುಖ ನೋಡಿದೆ. ಅವರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ನರ್ಸಮ್ಮ ಬಂದು "ಇದೇನು, ವಾಲ್ಯೂಮ್ ಹೋಯ್ತಾ?" ಎಂದು ಗುಂಡಿ ತಿರುಗಿಸಿದಳು. ಇನ್ನೂ ತಿರುಗಿಸಿದಳು. ಕೊನೆಗೆ ನೀರಿನ ಸದ್ದು ವಾರ್ಡು ತುಂಬಿತು, ನನ್ನ ಎದೆಗೂ ತಟ್ಟಿತು. ಅದರ ಮೇಲೆ ಏನೂ ಇಲ್ಲ.

"ಟೀವಿ ಕೆಟ್ಟಿಲ್ಲ ಆಂಟಿ" ಎಂದಳು ಚುಕ್ಕಿ. "ಇದು ನಮ್ಮ ಹೊಳೆ."

ಆಮೇಲೆ ನಿನ್ನ ದನಿ ಬಂತಂತೆ. ಆ ನೀರಿನ ಸದ್ದಿನಲ್ಲಿ ಮಾತು ನನಗೆ ಬಿಡಿಸಿ ಕೇಳದೆ, ಮಗಳು ಕಾಗದದ ಮೇಲೆ ಬರೆದು ತೋರಿಸಿದಳು. 'ಮಕ್ಕಳೇ, ನಾನು ನಿಮಗೆ ಸುಳ್ಳು ಹೇಳಿದೆ.' ಅದಾದ ಮೇಲೆ ಹಳ್ಳಿಯ ಹೆಸರು, ಕಾರ್ಖಾನೆಯ ಹೆಸರು, ನನ್ನ ಟೇಪಿನ ತಾರೀಖು. ಆರು ನಿಮಿಷವಾಗುತ್ತಲೇ ಪರದೆ ಕಪ್ಪಾಯಿತು.

ಬಲೆಯಣ್ಣ ತಲೆ ಬಗ್ಗಿಸಿ ಕೂತೇ ಇದ್ದ. ಮಗಳಿಗೆ ಎಚ್ಚರವಿರಲಿಲ್ಲ.

ಕಿವಿ


ಮೇ ೨೦

ಕಿವಿ,

ಕೆಲಸ ಹೋಯಿತು, ಕಾರ್ಖಾನೆಯವರು ಮಾನನಷ್ಟದ ದಾವೆ ಹೂಡಿದ್ದಾರೆ, ಎರಡೂ ನಿನಗೆ ಪೇಪರಿನಲ್ಲಿ ಸಿಕ್ಕಿರುತ್ತದೆ. ಬೀದಿಯಲ್ಲಿ ಒಬ್ಬ ತಾಯಿ ನನ್ನನ್ನು ಕಂಡು ಮಗುವನ್ನು ಆ ಕಡೆಗೆ ತಿರುಗಿಸಿಕೊಂಡಳು. ಅವಳದು ತಪ್ಪಲ್ಲ.

ನಿನ್ನ ಹೊಸ ನಾಲ್ಕು ಟೇಪು, ಹಳೆಯದೊಂದು, ಐದನ್ನೂ ಮಂಡಳಿಯ ಮುಂದೆ ಇಟ್ಟು ಹೇಳಿಕೆ ಕೊಟ್ಟೆ. ನೀರಿನ ಮಾದರಿ ತೆಗೆದರು. ಕಾರ್ಖಾನೆ ಹೊಳೆಗೆ ನೀರು ಬಿಡುವ ಕೊಳವೆಗೆ ಮುದ್ರೆ ಹಾಕಿದ್ದಾರೆಂದು ತಿಳಿಯಿತು. ಚುಕ್ಕಿ ಶಾಲೆಗೆ ಹೋಗುತ್ತಿದ್ದಾಳೆಂದು ನಿನ್ನ ಮಗಳು ಬರೆದಿದ್ದಳು. ಬಲೆಯಣ್ಣನ ಮಗಳ ಬಗ್ಗೆ ಬರೆದಿರಲಿಲ್ಲ. ನನಗೆ ಕೇಳಲೂ ಧೈರ್ಯ ಬರಲಿಲ್ಲ. ಈಗ ಕೇಳುತ್ತಿದ್ದೇನೆ.

ದೊಡ್ಡಮ್ಮ


ಜೂನ್ ೮

ದೊಡ್ಡಮ್ಮಾ,

ಬದುಕಿದ್ದಾಳೆ. ವಾರಕ್ಕೆ ಮೂರು ದಿನ ಯಂತ್ರಕ್ಕೆ ಹೋಗಬೇಕು, ಇನ್ನು ಮುಂದೆ ಯಾವಾಗಲೂ. ನನ್ನನ್ನು ಕಂಡರೆ ಮಾತಾಡುತ್ತಾಳೆ. ನಿನ್ನ ಬಗ್ಗೆ ಮಾತಾಡುವುದಿಲ್ಲ.

ಮಂಡಳಿಯವರು ಕೊಳವೆಯ ಬಾಯಿಗೆ ಕಬ್ಬಿಣದ ಮುಚ್ಚಳ ಬಡಿದು, ಅರಗು ಒತ್ತಿ, ಫೋಟೋ ತೆಗೆಸಿಕೊಂಡು ಹೋದರು. ಪೇಪರಿನಲ್ಲಿ ಬಂತು. ಊರಿನವರೆಲ್ಲ ಹೋಗಿ ನೋಡಿ ಬಂದರು. ಆಮೇಲೆ ಒಬ್ಬೊಬ್ಬರಾಗಿ ಮರೆತರು. ಕಾರ್ಖಾನೆಯಲ್ಲಿ ನಮ್ಮೂರಿನವರೇ ಇನ್ನೂರು ಜನ ಇದ್ದಾರೆ, ಅವರು ಕೆಲಸಕ್ಕೆ ಹೋಗುತ್ತಲೇ ಇದ್ದಾರೆ. ಕಾಗದ ತಯಾರಾಗುತ್ತಲೇ ಇದೆ. ಹಾಗಾದರೆ ಅದರ ನೀರು ಎಲ್ಲಿ ಹೋಗುತ್ತಿದೆ ಎಂದು ನಾನೂ ಬಲೆಯಣ್ಣನೂ ಕೇಳಿದೆವು. ಯಾರೂ ಹೇಳಲಿಲ್ಲ.

ನಿನ್ನೆ ಬೆಳಗ್ಗೆ ಇಬ್ಬರೂ ನಡೆದು ಹೋದೆವು. ಅರಗಿನ ಮುದ್ರೆ ಹಾಗೇ ಇತ್ತು, ಕೆಂಪಗೆ, ಬಿರುಕಿಲ್ಲದೆ. ಅವನು ಮುಚ್ಚಳಕ್ಕೆ ಕಿವಿಯಿಟ್ಟು "ಏನೂ ಕೇಳಲ್ಲ" ಎಂದ. ನಾನು ಕಿವಿ ಇಡಲಿಲ್ಲ, ನನ್ನದು ಪ್ರಯೋಜನವಿಲ್ಲವಲ್ಲ. ಅದರ ಕೆಳಗಿನ ನೆಲದ ಮೇಲೆ ಅಂಗೈ ಊರಿದೆ. ಹಿಂದಿನ ದಿನದಿಂದ ಮೋಡ ಕವಿದಿತ್ತು, ಬಿಸಿಲು ಕಂಡಿರಲಿಲ್ಲ.

ನೆಲ ಬೆಚ್ಚಗಿತ್ತು. ಸಣ್ಣಗೆ ನಡುಗುತ್ತಿತ್ತು.

ಹೊಳೆಯ ಕಡೆಗಲ್ಲ. ಆ ಬೆಚ್ಚನೆಯ ಜಾಡು ಹಿಡಿದು ಮಂಡಿಯೂರಿ ಹೋದೆವು, ಅಂಗೈ ಊರುತ್ತ ಊರುತ್ತ. ಅದು ರಸ್ತೆ ದಾಟುತ್ತದೆ. ಸೈಕಲ್ ಅಂಗಡಿಯ ಹಿಂದೆ ಹಾಯುತ್ತದೆ. ಮಗಳ ಶಾಲೆಯ ಅಂಗಳದಲ್ಲಿ, ಊರಿಗೆಲ್ಲ ಕುಡಿಯುವ ನೀರು ಕೊಡುವ ಕೊಳವೆಬಾವಿಯ ಹತ್ತಿರ ನಿಲ್ಲುತ್ತದೆ.

ಮಗಳು ಕೈಪಂಪಿಗೆ ಹಗ್ಗ ಬಿಗಿದಿದ್ದಾಳೆ. ಜನ ನಂಬುತ್ತಿಲ್ಲ. ನೀರು ಎಷ್ಟು ತಿಳಿಯಾಗಿದೆ ನೋಡಿ ಎನ್ನುತ್ತಿದ್ದಾರೆ. ಹಗ್ಗವನ್ನು ಇವತ್ತಿಗೆ ಎರಡು ಸಲ ಬಿಚ್ಚಿಹಾಕಿದ್ದಾರೆ.

ನಿನ್ನನ್ನು ಕ್ಷಮಿಸಿಲ್ಲ. ಆದರೆ ನಿನ್ನ ದನಿ ಇಲ್ಲಿ ಎಲ್ಲರಿಗೂ ಗೊತ್ತು. ಮೊದಲ ಬಸ್ಸಿಗೆ ಹೊರಡು.

ಕಿವಿ